ಜೇಜುರಿಯ ತಕ್ರಾರು

ನಮ್ಮ ಕಾಕಾ ಅರ್ಧ ಪುಣೆಯನ್ನು ಊರೂರು ತಿರುಗಿಸಿದವರು. ಆದರೆ ಪ್ರವಾಸದ ಆಫೀಸು ತೆರೆದಂದಿನಿಂದ ತಾವು ಮಾತ್ರ ಊರಾಚೆಯ ದಿವೇಘಾಟ್ ಕೂಡ ದಾಟಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ. ಪುಣೆ ಪಕ್ಕದ ಚಿಂಚವಾಡದಲ್ಲಿ ಎರಡು ಕೋಣೆಯ ಆಫೀಸು. ಬಸ್ಸು, ಹೋಟೆಲು, ಪ್ರವಾಸ ಎಲ್ಲವನ್ನೂ ಮಾರುವ ಒಂದು ವೆಬ್‌ಸೈಟು.

ಅವರು ಸಲಹೆ ಕೊಡುವುದನ್ನು ನೀವು ಕೇಳಬೇಕು. "ಗೋವಾದಾಗ ಆ ಹೋಟೆಲಿನ ಹಿಂದಿನ ಖೋಲಿ ತಗೋಬ್ಯಾಡ್ರಿ, ಜನರೇಟರ್ ಸಪ್ಪಳ ಭಾಳ ಅದ," ಎನ್ನುತ್ತಾರೆ. "ನೀವು ಅಲ್ಲಿ ಇದ್ದು ಬಂದೀರೇನ್ರಿ?" ಎಂದು ಗಿರಾಕಿ ಕೇಳಿದರೆ, "ಇಲ್ರಿ. ಇದ್ದು ಬಂದವರು ನನಗ ಬೈದಾರ," ಎಂಬ ಉತ್ತರ. ಇದಕ್ಕಿಂತ ದೊಡ್ಡ ಅನುಭವ ಇನ್ನೇನು ಬೇಕು?

ಅವರನ್ನು ಕಟ್ಟಿಹಾಕಿದ್ದು ಫೋನು. ಸ್ನಾನಕ್ಕೆ ಹೋದರೂ ಅದು ಬಾಗಿಲ ಚಿಲಕಕ್ಕೆ ನೇತಾಡುತ್ತಿರುತ್ತದೆ. ಒಮ್ಮೆ ಮೈತುಂಬ ಸೋಪು ಹಚ್ಚಿಕೊಂಡು ಒಂದಿಡೀ ಕುಟುಂಬವನ್ನು ತಿರುಪತಿಯ ಸರಿಯಾದ ಬಸ್ಸಿಗೆ ಹತ್ತಿಸಿದ್ದರು. "ಪರವೂರಿನಾಗ ಫೋನು ಯಾರೂ ಎತ್ತಲಿಲ್ಲಂದ್ರ ಮನಷ್ಯಾ ಅಂಜತಾನವಾ," ಎಂದು ಅವರು ಹೇಳಿದಾಗ, ಅಲ್ಲಿಯವರೆಗೆ ನಕ್ಕಿದ್ದ ನಾನೂ ಒಪ್ಪಿಕೊಂಡಿದ್ದೆ.

ಆದರೆ ಅವರ ಹೆಂಡತಿ, ನಮ್ಮ ಕಾಕು, ಒಪ್ಪಬೇಕಲ್ಲ? ಅವರ ಮನೆದೇವರು ದಿವೇಘಾಟ್ ಆಚೆಯ ಜೇಜುರಿ ಗುಡ್ಡದ ಖಂಡೋಬಾ. ಹೊಸದಾಗಿ ಮದುವೆಯಾದವರು ಅಲ್ಲಿಗೆ ಹೋಗಬೇಕು, ಗಂಡ ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲಾದರೂ ಹತ್ತಬೇಕು. ಮದುವೆಯಾದ ಹೊಸದರಲ್ಲಿ ಕಾಕಾ-ಕಾಕು ಹೊರಟು ನಿಂತ ದಿನವೇ ಸೊಲ್ಲಾಪುರದ ಹತ್ತಿರ ಇವರ ಗಿರಾಕಿಗಳ ಬಸ್ಸು ಕೆಟ್ಟಿತು, ಕಾಕಾ ಆಫೀಸಿಗೆ ಓಡಿದರು. ಆಮೇಲೆ ಪ್ರತಿ ಸಲವೂ ಎಲ್ಲೋ ಒಂದು ಬಸ್ಸು ಕೆಡುತ್ತಲೇ ಬಂತು. ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಕಾಕು ಈ ಕಥೆಯನ್ನು ನಗುತ್ತಲೇ ಹೇಳುತ್ತಿದ್ದರು. ನಗು ಮಾತ್ರ ಕೊನೆಯವರೆಗೆ ಉಳಿಯುತ್ತಿರಲಿಲ್ಲ.

ನಾನು ತುಮಕೂರಿನವಳು, ಇಲ್ಲಿ ಕಂಪನಿಗಳಿಗೆ ಇಆರ್‌ಪಿ ಕೂರಿಸಿಕೊಡುವುದು ನನ್ನ ಕೆಲಸ. ಬುಕಿಂಗ್, ಲೆಕ್ಕ, ಸಂಬಳ, ದೂರು ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರು ಅದು. ಒಂದು ದಿನ ಕಾಕು ನನ್ನನ್ನು ಅಡುಗೆಮನೆಗೆ ಕರೆದು, "ನಿಮ್ಮ ಕಾಕಾನ ಕೈಯಾಗಿನ ಫೋನು ಇಳಸೂವಂಥಾದ್ದು ಏನರ ಅದ ಏನವಾ?" ಎಂದರು. ಹೀಗೆ ಕಾಕಾನ ಆಫೀಸಿಗೆ ಇಆರ್‌ಪಿ ಬಂತು.

ಕಾಕಾ ಅದನ್ನು ಹೊಸ ಸೊಸೆಯಂತೆ ಪರೀಕ್ಷಿಸಿದರು. ಗಿರಾಕಿಗಳ ವರ್ಗಗಳಲ್ಲಿ 'ಭಾಳ ಮಾತಾಡವ್ರು' ಎಂಬುದೊಂದು ಬೇಕೇ ಬೇಕೆಂದರು. ಸೇರಿಸಿದೆ. ಮೊದಲು ಅದರೊಳಗೆ ಹೋದವರು ನಮ್ಮ ಮಾವ, ಅಂದರೆ ಅವರ ಸ್ವಂತ ಅಣ್ಣ! ದೂರಿಗೆ ಅವರು ತಕ್ರಾರು ಎನ್ನುತ್ತಾರೆ; ಅದಕ್ಕೂ ಒಂದು ನಿಯಮ ಹಾಕಿಸಿದರು. "ತಕ್ರಾರು ನಾವು ಮುಚ್ಚೂದಲ್ಲ. ತಕ್ರಾರು ಮಾಡಿದವರ ಬಾಯಿಂದನ 'ಮುಗೀತು' ಅಂತ ಬರಬೇಕು. ಒಂದು ತಕ್ರಾರು ಬಾಕಿ ಇದ್ರೂ ಮಷಿನ್ ಚಾಲೂ ಆಗಬಾರದು." ಹಾಗೇ ಮಾಡಿದೆ.

ಚಾಲೂ ಮಾಡುವ ಮುನ್ನ ಸುಳ್ಳು ಹೆಸರುಗಳಲ್ಲಿ ಬುಕಿಂಗ್ ಮಾಡಿ ನೋಡುವುದು ಪದ್ಧತಿ. ಕಾಕಾ ತಾವೇ ಕುಳಿತು ಕಾಶ್ಮೀರಕ್ಕೆ ಒಂದು ಪ್ರವಾಸ ಬುಕ್ ಮಾಡಿ, ಅದು ಮುಗಿದಂತೆಯೂ ತೋರಿಸಿದರು. ಸಂಜೆ ಕಾಕು ಕೊತ್ತಂಬರಿ ಸೋಸುತ್ತಿದ್ದಾಗ ಅವರ ಫೋನಿಗೆ ಸಂದೇಶ ಬಂತು: 'ನಮ್ಮೊಂದಿಗೆ ಕಾಶ್ಮೀರಕ್ಕೆ ಹೋಗಿಬಂದಿದ್ದಕ್ಕೆ ಧನ್ಯವಾದ. ಪ್ರವಾಸ ಹೇಗಿತ್ತು?'

ಕಾಕು ಕೈ ಒರೆಸಿಕೊಂಡು ಉತ್ತರ ಬರೆದರು: 'ಕಾಶ್ಮೀರ ಇರಲಿ, ಇನ್ನೂ ಜೇಜುರಿನ ನೋಡಿಲ್ಲ.' ಇಆರ್‌ಪಿಗೆ ಗಂಡ-ಹೆಂಡಿರ ಜಗಳ ಏನು ಗೊತ್ತು? ಅದನ್ನು ತಕ್ರಾರಿನ ಖಾನೆಗೆ ಹಾಕಿ, ಕೆಂಪು ಬಣ್ಣ ಬಳಿದು, ಮಾಲೀಕರ ಪರದೆಗೆ ಕಳಿಸಿತು.

"ಸುಳ್ಳು ಹೆಸರು ಹಾಕಿ ಅಂದಿದ್ದೆನಲ್ಲ ಕಾಕಾ?" ಎಂದೆ.

"ಇಲ್ಲದವರನ್ನ ಊರಿಗೆ ಕಳಸೂದು ಹೆಂಗವಾ? ಖರೇ ಹೆಸರು ಅಂದ್ರ ನನಗ ಆಕಿದ ನೆನಪಾತು," ಎಂದು ಗೋಡೆ ನೋಡಿದರು.

ಸೋಮವಾರ ಎಲ್ಲ ಚಾಲೂ ಆಗಬೇಕು, ತಕ್ರಾರು ಮುಚ್ಚುತ್ತಿಲ್ಲ. ಕಾಕಾ ಹೆಂಡತಿಗೆ ರಿಯಾಯಿತಿ ಕೂಪನ್ ಕಳಿಸಿದರು! "ನಿಮ್ಮ ಗಿರಾಕಿಗೆ ಕೊಡ್ರಿ ಅದನ್ನ," ಎಂದರು ಕಾಕು. ಆಮೇಲೆ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ, "ನೀನ ಒತ್ತಿ ಮುಚ್ಚಿಬಿಡವಾ," ಎಂದರು. ನಿಯಮ ನಿಮ್ಮದೇ ಎಂದೆ.

ಭಾನುವಾರ ಬೆಳಿಗ್ಗೆ ನಾವು ಮೂವರೂ ದಿವೇಘಾಟ್ ದಾಟಿದೆವು. ಆಫೀಸಿನ ಕರೆಗಳನ್ನು ಕಾಕಾ ದಾರಿಯುದ್ದಕ್ಕೂ ಎತ್ತುತ್ತಲೇ ಇದ್ದರು. ಜೇಜುರಿಯಲ್ಲಿ ಮೆಟ್ಟಿಲೆಲ್ಲ ಭಕ್ತರು ಎರಚಿದ ಭಂಡಾರದ ಅರಿಸಿನ ಬಣ್ಣ. ಹೊಸ ಮದುಮಕ್ಕಳು ನಗುತ್ತ ಹತ್ತುತ್ತಿದ್ದರು. ಕಾಕಾ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟು, "ಹಿಡಿಯವಾ," ಎಂದು, ಕಾಕುವನ್ನು ಎತ್ತಿಯೇಬಿಟ್ಟರು.

"ಬಿಡ್ರಿ, ಮಂದಿ ನೋಡತಾರ," ಎಂದರು ಕಾಕು. ಕಾಕಾ ಒಂದು ಮೆಟ್ಟಿಲು ಹತ್ತಿದರು. ಇನ್ನೊಂದು ಹತ್ತಿದರು. ಕಾಕು ಅವರ ಕೊರಳು ಬಿಗಿಯಾಗಿ ಹಿಡಿದುಕೊಂಡು, "ಮುಗೀತ್ರಿ ನನ್ನ ತಕ್ರಾರು. ಇಳಸ್ರಿ, ಮೊಣಕಾಲು ಹೋದಾವು ನಿಮ್ಮವು," ಎಂದರು. ಅವರ ಕಣ್ಣು ತುಂಬಿತ್ತು.

"ತಡಿ. ಇನ್ನೊಂದು ಮೆಟ್ಟಲ," ಎಂದರು ಕಾಕಾ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಕಾಕಾ ತಿರುಗಿ ನೋಡಲಿಲ್ಲ. ನಾನೇ ಎತ್ತಿದೆ. ಯಾರೋ ಗಿರಾಕಿ, ಸಾಹೇಬರು ಎಲ್ಲಿ ಎಂದು ಕೇಳಿದರು.

"ಪ್ರವಾಸಕ್ಕೆ ಹೋಗಿದ್ದಾರೆ. ನಿಮಗೇನಾಗಬೇಕು, ನನಗೆ ಹೇಳಿ," ಎಂದೆ.