ಜ್ವಾಲಾಮುಖಿ ಕಂಡ ನಮ್ಮ ಮಾವ

ಸವಣೂರಿನಲ್ಲಿ ಮಳೆ ಬೀಳದ ವರ್ಷಗಳಿವೆ, ವೀಳ್ಯದೆಲೆ ಬಾರದ ಸಂತೆಗಳಿವೆ. ನಮ್ಮ ಸೋದರಮಾವ ಜ್ವಾಲಾಮುಖಿಯ ಮಾತೆತ್ತದ ದಿನ ಮಾತ್ರ ಒಂದೂ ಇಲ್ಲ!

ಎಪ್ಪತ್ತರ ದಶಕದಲ್ಲಿ ಆತ ಮದ್ರಾಸಿನ ಹಡಗೊಂದರಲ್ಲಿ ಅಡುಗೆಯವನಾಗಿದ್ದ. ಒಮ್ಮೆ ಆ ಹಡಗು ವಿಜ್ಞಾನಿಗಳನ್ನು ಹೊತ್ತು ಅಂಡಮಾನಿನ ಆಚೆಗಿನ ಬೆಂಕಿಬೆಟ್ಟದ ದ್ವೀಪಕ್ಕೆ ಹೋಯಿತು. ಅಲ್ಲಿ ಮನುಷ್ಯರಿಲ್ಲ, ಯಾವ ಕಾಲದಲ್ಲೋ ಯಾರೋ ಬಿಟ್ಟುಹೋದ ಆಡುಗಳ ಸಂತತಿ ಮಾತ್ರ. ವಿಜ್ಞಾನಿಗಳು ಬೆಟ್ಟ ಹತ್ತಿದರು. ನಮ್ಮ ಮಾವ ಬುತ್ತಿ ಕಾಯುತ್ತ ದಂಡೆಯಲ್ಲಿ ಕುಳಿತ. ಆತ ಏನನ್ನೂ ಹತ್ತಲಿಲ್ಲವೆಂದಲ್ಲ. ರೊಟ್ಟಿಯ ವಾಸನೆಗೆ ಆಡೊಂದು ಅಟ್ಟಿಸಿಕೊಂಡು ಬಂದಾಗ ಒಂದು ಬಂಡೆ ಹತ್ತಿದ್ದನಂತೆ! ಇಷ್ಟೇ ಅನ್ವೇಷಣೆ. ಇಷ್ಟಕ್ಕೇ ನೌಕರಿ ಬಿಟ್ಟು ಬಂದು, ಮಹಾಪಂಡಿತನ ಗತ್ತಿನಲ್ಲಿ ನಮ್ಮ ಪಡಸಾಲೆಯಲ್ಲಿ ಬೀಡುಬಿಟ್ಟ.

ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ ಮುದುಕನೊಬ್ಬ ಮಾವನನ್ನು, "ಹಾನಗಲ್ಲ ಬಸ್ ಯಾವದ್ರಿ?" ಎಂದು ಕೇಳಿದ್ದೇ ತಪ್ಪಾಯಿತು.

"ಬಸ್ಸಿಂದೇನ್ ಅವಸರ? ಕುಂದರ್ರಿ. ಭೂಮಿ ಹೊಗಿ ಉಗುಳೂದು ನೋಡೀರೇನು?"

ಮಾತು ಮುಗಿಯುವಷ್ಟರಲ್ಲಿ ಬಸ್ಸು ಹೊರಟಿತ್ತು. ಮುದುಕ ನಿಟ್ಟುಸಿರಿಟ್ಟ: "ಭೂಮಿ ಉಗುಳೂದು ನೋಡಿಲ್ರಿ. ಬಸ್ ಹೊಗಿ ಉಗುಳಿ ಹೋಗೂದು ಈಗ ನೋಡಿದ್ನಿ!"

ಹಾನಗಲ್ಲಿನ ಮದುವೆಯೂಟದಲ್ಲಿ ಮಾವ ಅನ್ನದ ಗುಡ್ಡೆ ಮಾಡಿ, ನಡುವೆ ಕುಳಿ ತೋಡಿ, ಸಾರು ತುಂಬಿಸಿಕೊಂಡ. ಸಾರು ಉಕ್ಕಿ ಪಕ್ಕದವರ ಧೋತರದತ್ತ ಹರಿಯಿತು. "ಇದಕ್ಕ ಲಾವಾ ಅಂತಾರ್ರಿ!" ಎಂದ ಹೆಮ್ಮೆಯಿಂದ.

"ನಾವು ಸಾರು ಅಂತೀವಿ. ಧೋತರ ಯಾರ್ ಒಗೀತಾರ?"

ಇಂಥವನನ್ನು ಅಕ್ಕನನ್ನು ನೋಡಲು ಬಂದವರ ಎದುರು ಕೂಡಿಸುವುದೆ? ಹಿರೇಕೆರೂರಿನ ಹತ್ತಿ ವ್ಯಾಪಾರಸ್ಥರು ಬರುವವರಿದ್ದರು. ಅಪ್ಪ ಮೊದಲೇ ಕೈಮುಗಿದ: "ಇವತ್ತೊಂದ ದಿನ ಬಾಯಿ ತಗೀಬ್ಯಾಡಪಾ."

ಮಾವ ಬಾಯ್ತುಂಬ ಎಲೆ ತುಂಬಿಕೊಂಡು ಮೂಲೆ ಹಿಡಿದ. ಅಕ್ಕ ಅವಲಕ್ಕಿ ತಂದಿಟ್ಟಳು. ಹುಡುಗನ ಅಪ್ಪ ಕಳಪೆ ಹತ್ತಿ ಹಿಂಜಿ ನೋಡುವವನಂತೆ ಅವಳನ್ನು ನೋಡಿ, "ಭಾಳ ಕಪ್ಪ ಅದಾಳಲ್ರಿ! ದೀಪಾ ಹಿಡದ ಹುಡುಕಬೇಕೇನೋ?" ಎಂದು ನಕ್ಕ. ಅಪ್ಪ ತಲೆ ತಗ್ಗಿಸಿದ. ಅಕ್ಕನ ಕಣ್ಣು ತುಂಬಿತು.

ಮಾವ ಎದ್ದು ಹೋಗಿ ಎಲೆ ಉಗುಳಿ ಬಂದ. ಕೆಟ್ಟಿತು ಕೆಲಸ, ಅಂದುಕೊಂಡೆ.

"ನಾ ಒಂದ ದ್ವೀಪಕ್ಕ ಹೋಗಿದ್ನಿರಿ. ನೆಲಾ ಎಲ್ಲಾ ಕಪ್ಪ. ಒಳಗಿನ ಬೆಂಕಿ ಹೊರಗ ಬಂದು ಆರಿ ಆದ ನೆಲ ಅದು. ದೊಡ್ಡ ದೊಡ್ಡ ಓದಿದವರು ಸಮುದ್ರಾ ದಾಟಿ ಅದನ್ನ ನೋಡಾಕ ಬಂದಿದ್ರು. ನೀವು ಬರೇ ಹಿರೇಕೆರೂರಿಂದ ಬಂದೀರಿ, ನಿಮಗ ಹೆಂಗ ತಿಳೀಬೇಕು? ಏಳ್ರಿ!"

ಅವರು ಎದ್ದರು. ಮೆಟ್ಟು ಮೆಟ್ಟಿಕೊಂಡು ಬಿರಬಿರನೆ ಹೋದರು. ಮಾವ ಅವ್ವನ ಕಡೆ ತಿರುಗಿದ.

"ಅಕ್ಕಾ, ತಪ್ಪ ಮಾಡಿದ್ನೇನ?" ಎಂದು ಕೇಳಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಮ್ಮಕ್ಕ ಬೀಗರಿಗೆಂದು ಕಾಸಿದ್ದ ಚಹಾ ತಂದು ಅವನ ಕೈಗಿಟ್ಟು, ಎದುರಿಗೇ ಕುಳಿತಳು.

"ಕುಡಿ ಮಾಮಾ. ಆಮ್ಯಾಲ ಆ ಕಪ್ಪ ನೆಲದ್ದು ಪೂರಾ ಹೇಳು."

ಆ ದಿನ ನಾವ್ಯಾರೂ ಎದ್ದು ಹೋಗಲಿಲ್ಲ.