ಅಟ್ಟೂರಿನ ಹಡಗುಕಟ್ಟೆ

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಎಪ್ಪತ್ತು ದಾಟಿದರೂ ಒಮ್ಮೆಯೂ ಸಮುದ್ರ ನೋಡಿದವರಲ್ಲ. ಆದರೆ ಮೂರು ಹಡಗು ಕಟ್ಟಿ ಮುಗಿಸಿದ್ದಾರೆ! ಅವರು ಕಂಡ ಅತಿ ದೊಡ್ಡ ನೀರೆಂದರೆ ಯಲಹಂಕ ಕೆರೆ. ಅದನ್ನೂ ಬಸ್ಸಿನ ಕಿಟಕಿಯಿಂದ ನೋಡಿ "ಪರವಾಗಿಲ್ಲ" ಎಂದಿದ್ದರು.

ಗಾಬರಿಯಾಗಬೇಡಿ, ಮೊಳದುದ್ದದ ಮರದ ಹಡಗುಗಳು. ನನ್ನ ಮಗಳ ಹುಟ್ಟುಹಬ್ಬಕ್ಕೆ ಯಾರೋ ಒಂದು ಡಬ್ಬಿ ಕೊಟ್ಟಿದ್ದರು. ಒಳಗೆ ಮರದ ಪಟ್ಟಿ, ಕಡ್ಡಿ, ದಾರ, ಒಂದು ನಕ್ಷೆ. ಮಗಳು ಎರಡು ಕಡ್ಡಿ ಅಂಟಿಸಿ, ಮೂರನೆಯದಕ್ಕೆ ತನ್ನ ಬೆರಳನ್ನೇ ಅಂಟಿಸಿಕೊಂಡು, ಅತ್ತು ಎದ್ದುಹೋದಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಅತ್ತೆಗೆ ಲೆಕ್ಕ ಅರ್ಧಕ್ಕೆ ನಿಲ್ಲುವುದನ್ನು ಸಹಿಸಲು ಸಾಧ್ಯವೇ? "ಶುರು ಮಾಡಿದ್ದು ಮುಗೀಬೇಕು" ಎಂದು ಕನ್ನಡಕ ಏರಿಸಿ ಕೂತರು. ಇನ್ನೂ ಎದ್ದಿಲ್ಲ!

ಒಂದು ಸಂಜೆ ಹಸಿದು ಮನೆಗೆ ಬಂದೆ. ಒಲೆಯ ಮೇಲೆ ಕುಕ್ಕರು ಹಬೆಯಾಡುತ್ತಿತ್ತು. ಆಸೆಯಿಂದ ಮುಚ್ಚಳ ತೆಗೆದು ಇಣುಕಿದರೆ ಒಳಗೆ ಹನ್ನೆರಡು ಮರದ ಪಟ್ಟಿಗಳು!

"ಹುಳಿ ಎಲ್ಲತ್ತೆ?"

"ಫ್ರಿಜ್ಜಲ್ಲಿದೆ. ಹುಳಿಗೆ ಬಗ್ಗೋ ಅವಶ್ಯಕತೆ ಇಲ್ಲ. ಮುಚ್ಚಿ, ಹಬೆ ಹೋಗತ್ತೆ."

ಹಬೆಯಲ್ಲಿ ಮೆತ್ತಗಾದ ಪಟ್ಟಿಯನ್ನು ಬಿಸಿ ಇರುವಾಗಲೇ ಹಡಗಿನ ಪಕ್ಕೆಲುಬುಗಳ ಮೇಲೆ ಬಗ್ಗಿಸಿ ಅಂಟಿಸಬೇಕಂತೆ. ಅಂಟು ಒಣಗುವತನಕ ಹಿಡಿದುಕೊಳ್ಳುವವರು ಯಾರು? ಬಟ್ಟೆ ಒಣಹಾಕುವ ಕ್ಲಿಪ್ಪುಗಳು! ಮನೆಯಲ್ಲಿದ್ದ ಅಷ್ಟೂ ಕ್ಲಿಪ್ಪುಗಳು ಹಡಗನ್ನು ಕಚ್ಚಿಕೊಂಡು ಕೂತವು. ತಂತಿಯ ಮೇಲಿನ ನನ್ನ ಪ್ಯಾಂಟು ಅನಾಥವಾಗಿ ಗಾಳಿಗೆ ಹಾರಿತು. ಪಕ್ಕದ ಮನೆಯವರು ಹಳೇ ಅಟ್ಟೂರಿನ ಒಕ್ಕಲು ಮನೆತನದವರು. ಹೊಲವೆಲ್ಲ ಸೈಟಾದರೂ ಒಂದು ಹಸುವನ್ನು ಉಳಿಸಿಕೊಂಡಿದ್ದಾರೆ. ಬೆಳಿಗ್ಗೆ ಅವರು ಪ್ಯಾಂಟು ಹಿಡಿದು ಬಂದರು.

"ಸಾರ್, ನಿಮ್ ಪ್ಯಾಂಟು ಬಂದು ನಮ್ ಅಸಿನ್ ಮೇಲ್ ಕೂತಿತ್ತು. ಇಂಗಾದ್ರೆ ಅದು ಆಲು ಕೊಡ್ತದಾ?"

ಅತ್ತೆ ತಲೆ ಎತ್ತದೆ ಹೇಳಿದರು: "ನಾಳೆ ಸಾಯಂಕಾಲಕ್ಕೆ ಅಂಟು ಒಣಗತ್ತೆ. ಅಲ್ಲೀತನಕ ಹಸು ಒಳಗೆ ಕಟ್ಕೊಳಿ."

ಡಬ್ಬಿಯ ಹಡಗು ಮುಗಿದ ಮೇಲೆ ಎರಡನೆಯದಕ್ಕೆ ಮರ ಹುಡುಕುವ ಪಾಳಿ. ಗಂಗಾನಗರದಲ್ಲಿ ವಯಸ್ಸಾದ ಒಬ್ಬ ಬಡಗಿ ಸಾಹೇಬರಿದ್ದಾರೆ. ಅವರ ಅಂಗಡಿಯ ಮೂಲೆಯ ಚೂರುಗಳನ್ನು ಅತ್ತೆ ಒಂದೊಂದಾಗಿ ಮೂಸಿ, ಬಾಗಿಸಿ, ಬೆಳಕಿಗೆ ಹಿಡಿದು, ಪಕ್ಕಕ್ಕೆ ಹಾಕತೊಡಗಿದರು.

"ಅರೆ ಅಮ್ಮಾ, ಮಗಳ ಮದುವೆ ಮಂಚಕ್ಕೂ ಜನ ಇಷ್ಟ್ ನೋಡಲ್ಲ!"

"ಮಂಚ ಮುಳುಗಲ್ಲ ಸಾಹೇಬ್ರೇ."

"ಇದೂ ನೀರಿಗೆ ಇಳಿಯಲ್ವಲ್ಲ?"

"ಇಳಿಯಲ್ಲ ಅಂತ ಸುಳ್ಳು ಹಡಗು ಮಾಡಕ್ಕಾಗತ್ತಾ?"

ಸಾಹೇಬರು ಒಳಗೆ ಹೋಗಿ, ತಮಗಾಗಿ ಎತ್ತಿಟ್ಟುಕೊಂಡಿದ್ದ ಹಳೇ ತೇಗದ ತುಂಡನ್ನು ತಂದು ಅತ್ತೆಯ ಮುಂದಿಟ್ಟರು.

ಮೂರನೆಯ ಹಡಗು ಅರ್ಧವಾಗಿದ್ದಾಗ ಅತ್ತೆಯ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟ, ಆಮೇಲೆ ಚಿಮಟ. ಹೆಬ್ಬಾಳದ ಡಾಕ್ಟರು ಪರೀಕ್ಷಿಸಿ, "ವಯಸ್ಸಿನ ನಡುಕ ಅಮ್ಮ, ಅಪಾಯ ಏನಿಲ್ಲ. ಮಾತ್ರೆ ಕೊಡ್ತೀನಿ. ಸೂಕ್ಷ್ಮ ಕೆಲಸ ಮಾತ್ರ ಬಿಡಿ" ಎಂದರು.

"ಎಷ್ಟು ಸೂಕ್ಷ್ಮ? ಅರ್ಧ ಮಿಲಿಮೀಟರ್ ನಡೆಯತ್ತಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಮೂಳೆಗಳ ಚಿತ್ರ ನೋಡಿದೆ!

ಉಳಿದದ್ದು ಅತಿ ಕಷ್ಟದ ಕೆಲಸ: ಹಾಯಿಕಂಬದ ಹಗ್ಗದೇಣಿ. ಮೇಣ ಸವರಿದ ನೂಲು, ಪ್ರತಿ ಮೆಟ್ಟಿಲಿನ ಎರಡು ತುದಿಗೂ ಸಾಸಿವೆಗಿಂತ ಸಣ್ಣ ಗಂಟು. ನಾನೂ ಹೆಂಡತಿಯೂ ಕಟ್ಟಿಕೊಡುತ್ತೇವೆಂದು ಮುಂದಾದೆವು.

"ನೀವು ಕಟ್ಟಿದ್ರೆ ಅದು ನಿಮ್ಮ ಹಡಗು. ಕೈ ತೆಗೀರಿ."

ಸೋಲುವ ಜಾತಿಯೇ ಅಲ್ಲ ಅವರದು. ಮೊಣಕೈಗೆ ಅಕ್ಕಿ ಚೀಲ, ಮಣಿಕಟ್ಟಿಗೆ ರಾಗಿ ಚೀಲ ಒತ್ತಿಟ್ಟು ಕೂತರು. ನಡುಕಕ್ಕೂ ಒಂದು ಲಯ ಇದೆ, ಎರಡು ನಡುಕದ ನಡುವೆ ಒಂದು ಸಣ್ಣ ಸಂದು ಸಿಗುತ್ತದೆ, ಅಷ್ಟರಲ್ಲಿ ದಾರ ಎಳೆಯಬೇಕು ಎಂದು ಕಂಡುಹಿಡಿದರು. ಒಂದು ದಿನಕ್ಕೆ ನಾಲ್ಕು ಗಂಟು. ಕೆಲವು ದಿನ ಒಂದು. ಒಂದು ವಾರ ಪೂರ್ತಿ ಸೊನ್ನೆ. ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆದರೂ ಬೆಳಿಗ್ಗೆ ಕಾಫಿ ಮುಗಿದೊಡನೆ ಚೀಲಗಳು ಮೇಜಿಗೆ ಬರುತ್ತಿದ್ದವು.

ಕಳೆದ ಭಾನುವಾರ ನಾನು ಪೇಪರು ಓದುತ್ತಿದ್ದೆ. ಕೊನೆಯ ಗಂಟು ಮೂರು ಸಲ ಜಾರಿತು. ನಾಲ್ಕನೆಯ ಸಲ ಅತ್ತೆ ಚಿಮಟ ಕೆಳಗಿಟ್ಟರು. ಆಮೇಲೆ ನನ್ನತ್ತ ತಿರುಗದೆಯೇ ಕರೆದರು.

"ಅಳಿಯಂದ್ರೇ, ಒಂದು ಬೆರಳು ಕೊಡಿ ಇಲ್ಲಿ."

ನಾನು ಮಂಡಿಯೂರಿ, ಎರಡು ನೂಲು ಕೂಡುವ ಜಾಗದಲ್ಲಿ ತೋರುಬೆರಳನ್ನು ಮೆಲ್ಲಗೆ ಒತ್ತಿ ಹಿಡಿದೆ. ಅವರು ದಾರ ಸುತ್ತತೊಡಗಿದರು. ಅವರ ಕೈಯ ನಡುಕ ನೂಲಿನಲ್ಲಿ ಹರಿದು ನನ್ನ ಬೆರಳಿಗೆ ಬಂತು, ಅಂಗೈಯೊಳಗೆ ಮರಿಹಕ್ಕಿ ಹಿಡಿದಂತೆ. ಇಷ್ಟು ತಿಂಗಳು ದಿನವೂ ಇದರ ಜೊತೆ ಕೂತಿದ್ದರೇ ಈಕೆ, ಒಬ್ಬರೇ? ನನ್ನ ಕಣ್ಣು ಮಂಜಾಯಿತು. ಬೆರಳು ಮಾತ್ರ ಅಲುಗಿಸಲಿಲ್ಲ.

ದಾರ ಬಿಗಿಯಾಯಿತು. ಅತ್ತೆ ತಮ್ಮ ನಡುಗುವ ಕೈಯನ್ನು ನನ್ನ ಕೈಮೇಲೆ ಹಾಗೇ ಇಟ್ಟರು.

"ಉಸಿರು ಬಿಡ್ರೀ," ಎಂದರು, "ಮುಗೀತು."