ಬಲಗೈ ಮೇಲಿನ ಹಲ್ಲಿನ ಗುರುತು

ಕನ್ನಡಕದಂಗಡಿಯ ಆ ಪುಣ್ಯಾತ್ಮನಿಗೆ ಜ್ಞಾನೋದಯವಾದದ್ದು ಗಿರಾಕಿಯ ಬಾಯಿಂದ. ಮಕ್ಕಳ ಮನಸ್ಸಿನ ಡಾಕ್ಟರಮ್ಮ ಹೊಸ ಕನ್ನಡಕ ಹಾಕಿಕೊಂಡು, ಸರಿಯಾಗಿ ಕಾಣುತ್ತದೋ ಇಲ್ಲವೋ ನೋಡಲು ತಮ್ಮ ಚೀಲದಿಂದ ಪುಸ್ತಕ ತೆಗೆದು ಗಟ್ಟಿಯಾಗಿ ಒಂದು ಪುಟ ಓದಿದರು. ಬಹಳ ಹಿಂದೆ ಒಬ್ಬ ಮನೋವಿಶ್ಲೇಷಕಿ ಕಂಡುಕೊಂಡದ್ದಂತೆ: ಎಳೆಗೂಸಿನ ಪಾಲಿಗೆ ತಾಯಿ ಒಬ್ಬಳಲ್ಲ, ಇಬ್ಬರು. ಕೊಡುವವಳು ಒಳ್ಳೆಯವಳು, ತಡೆಯುವವಳು ಕೆಟ್ಟವಳು. (ಅಷ್ಟಕ್ಕೆ ಪುಟ ಮುಗಿಯಿತು. ಡಾಕ್ಟರಮ್ಮ ಹೊರಟೇಬಿಟ್ಟರು.)

ಒಂದೂವರೆ ವರ್ಷದ ಮಗಳು ತನ್ನನ್ನು ಪ್ರೀತಿಸಬೇಕು, ಅವನಿಗೆ ಬೇಕಿದ್ದದ್ದು ಅದೊಂದೇ. ಅಂದಿನಿಂದ ಸಂಸಾರದಲ್ಲಿ ಖಾತೆ ಹಂಚಿಕೆಯಾಯಿತು. ಸಾಮ, ದಾನ ಇವನಿಗೆ. ಭೇದ, ದಂಡ ಹೆಂಡತಿಗೆ. ಬಿಸ್ಕತ್ತು, ಬಲೂನು, ಉಪ್ಪುಮೂಟೆ ಎಲ್ಲ ಅಪ್ಪನದು. ಮೂಗೊರೆಸುವುದು, ಔಷಧ ಕುಡಿಸುವುದು, ಕೈಯಿಂದ ಕತ್ತರಿ ಕಸಿಯುವುದು ಅಮ್ಮನದು.

ಮಗಳು ಅಮ್ಮನನ್ನು ಒದ್ದಳು, ಪರಚಿದಳು, ಜಡೆ ಹಿಡಿದು ಜಗ್ಗಿದಳು. ಅಪ್ಪನ ಹತ್ತಿರ ಮಾತ್ರ ಬೆಣ್ಣೆಯಂಥ ಕೂಸು.

"ನೋಡಿದ್ಯಾ? ನನ್ ಮೇಲೆ ಒಂದಿನ ಆದ್ರೂ ಸಿಟ್ಟು ಮಾಡ್ಕೊಂಡಿದ್ದಾಳಾ?"

"ದಾರಿಲಿ ಹೋಗೋರ ಮೇಲೂ ಮಾಡ್ಕೊಳಲ್ಲ ಬಿಡಿ," ಎಂದಳು ಹೆಂಡತಿ, ಪರಚಿದ ಕೆನ್ನೆಗೆ ಎಣ್ಣೆ ಹಚ್ಚುತ್ತ.

ವಾರದ ನಂತರ ಡಾಕ್ಟರಮ್ಮ ಮತ್ತೆ ಬಂದರು. ಕನ್ನಡಕ ಕಿವಿಯ ಹಿಂದೆ ಒತ್ತುತ್ತಿತ್ತಂತೆ. ಅವನು ಸರಿಮಾಡಿಕೊಟ್ಟ. ಈ ಸಲ ಅವರು ಓದಿದ್ದು ಮುಂದಿನ ಪುಟ: ನಂಬಿಕೆ ಇದ್ದವರ ಮೇಲೇ ಮಗು ಸಿಟ್ಟು ತೀರಿಸಿಕೊಳ್ಳುತ್ತದೆ. ತಾನು ಕಚ್ಚಿದವಳೂ ತನ್ನನ್ನು ಅಪ್ಪಿಕೊಂಡವಳೂ ಒಬ್ಬಳೇ ಎಂದು ತಿಳಿದಾಗ ಮರುಗುತ್ತದೆ. ನಿಜವಾದ ಪ್ರೀತಿ ಹುಟ್ಟುವುದು ಆಗಲೇ.

ಹಾಗಾದರೆ ಇಷ್ಟು ದಿನ ತಾನು ಅಪ್ಪನಲ್ಲ, ಬಿಸ್ಕತ್ತು ತರುವ ನೆಂಟ! ಅವನಿಗೆ ಅಳು ಬರುವ ಹಾಗಾಯಿತು.

ಸಂಜೆ ಮನೆಗೆ ಹೋದವನೇ, ಮನಸ್ಸು ಕಲ್ಲು ಮಾಡಿಕೊಂಡು, ಮಗಳ ಕೈಯಿಂದ ಬಿಸ್ಕತ್ತು ಕಸಿದ.

"ಸಾಕು. ಇನ್ನಿಲ್ಲ."

ಮಗಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಅವನ ಬಲಗೈಯನ್ನು ಕಚಕ್ಕನೆ ಕಚ್ಚಿದಳು.

"ಕಚ್ಚಿದ್ಲು! ಲೇ, ನನ್ನನ್ನೂ ಕಚ್ಚಿದ್ಲು ಕಣೇ!" ಅವನ ಕಣ್ಣಲ್ಲಿ ನೀರಾಡಿತು.

ಹೆಂಡತಿ ಮಗಳ ಬಾಯಿಗೆ ಬೆರಳು ಹಾಕಿ ನೋಡಿದಳು. "ದವಡೆಹಲ್ಲು ಬರ್ತಿದೆ ರೀ. ಬೆಳಗ್ಗೆಯಿಂದ ಕುರ್ಚಿ ಕಾಲು, ನಿಮ್ ಚಪ್ಪಲಿ, ಪಕ್ಕದ್ಮನೆ ಅಜ್ಜಿ, ಒಬ್ಬರನ್ನೂ ಬಿಟ್ಟಿಲ್ಲ."

ಅವನು ಪೆಚ್ಚಾಗಿ ಕುಳಿತ. ಊಟಕ್ಕೆ ಕರೆದಾಗ ಮೆಲ್ಲಗೆ ಚಮಚ ಕೇಳಿದ.

"ಯಾಕೆ, ಕೈ ತೊಳ್ಕೊಳಕ್ಕೇನು ಬಂದಿದೆ ರೋಗ?"

ಅವನು ಹಲ್ಲಿನ ಗುರುತು ಮೂಡಿದ್ದ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.